ಸೋತರೆ ಮನೆಗೆ: ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್ ಹೇಗೆ ನಡೆಯುತ್ತದೆ, ಸ್ಟಾರ್‌ಗಳು ಯಾಕೆ ಬೈಸಿಕೊಳ್ಳುತ್ತಾರೆ

ಜನವರಿ ಬಂತೆಂದರೆ ಅಮೆರಿಕದಲ್ಲಿರುವ ಮಗನೋ ತಮ್ಮನೋ ವಾರಾಂತ್ಯದಲ್ಲಿ ಫೋನಿಗೆ ಸರಿಯಾಗಿ ಸಿಗುವುದಿಲ್ಲ. ಸಿಕ್ಕರೂ ಹಿಂದೆ ಟಿವಿಯ ಗದ್ದಲ. "ಪ್ಲೇಆಫ್ ನಡೀತಿದೆ, ಆಮೇಲೆ ಮಾಡ್ತೀನಿ" ಅಂತ ಇಟ್ಟೇಬಿಡುತ್ತಾರೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಟೀಮ್ ಜೊತೆ ಕೆಲಸ ಮಾಡುವವರಿಗೂ ಆ ತಿಂಗಳು ಸೋಮವಾರದ ಕಾಲ್ ಶುರುವಾಗುವುದು ಇದೇ ಮಾತಿನಿಂದ. ಯಾರೋ ಮಹೋಮ್ಸ್ ಅಂತೆ, ಇನ್ಯಾರೋ ಆಲನ್ ಅಂತೆ. ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಅದೇ ಆಟಗಾರನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ನಾವು ಸುಮ್ನೆ ತಲೆಯಾಡಿಸುತ್ತಾ ಕೂರಬೇಕು.

ಇನ್ನು ಮುಂದೆ ತಲೆಯಾಡಿಸಿ ತಪ್ಪಿಸಿಕೊಳ್ಳುವುದೂ ಕಷ್ಟ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಫ್ಲ್ಯಾಗ್ ಫುಟ್‌ಬಾಲ್ ಸೇರಿದೆ. ಎದುರಾಳಿಯನ್ನು ಕೆಡವುವ ಬದಲು ಸೊಂಟಕ್ಕೆ ಕಟ್ಟಿದ ಪಟ್ಟಿ ಕಿತ್ತುಕೊಳ್ಳುವ, ತಂಡಕ್ಕೆ ಐದೇ ಜನರ ಆಟ ಅದು. ಅಲ್ಲಿನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್ ತನ್ನ ಆಟಗಾರರು ಅದರಲ್ಲಿ ಆಡಬಹುದು ಎಂದು ಒಪ್ಪಿಗೆ ಕೊಟ್ಟಿದೆ.

ಪ್ಲೇಆಫ್ ನಡೆಯುವ ರೀತಿ ಅರ್ಥವಾದರೆ, ಅಭಿಮಾನಿಗಳು ತಮ್ಮ ಸ್ಟಾರ್‌ಗಳ ಬಗ್ಗೆ ಯಾಕೆ ಅಷ್ಟು ಖಾರವಾಗಿ ಮಾತಾಡುತ್ತಾರೆ ಎಂಬುದೂ ಹೆಚ್ಚುಕಡಿಮೆ ಅರ್ಥವಾಗುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಆಟದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು

ಮೈದಾನದಲ್ಲಿ ಒಂದು ಕಡೆಗೆ 11 ಜನ. ಮೈದಾನದ ಉದ್ದ 100 ಗಜ, ಎರಡೂ ತುದಿಯಲ್ಲಿ 10 ಗಜದ ಒಂದೊಂದು ಅಂಕಣ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಸಾಗಿ ಕೊನೆಯ ಅಂಕಣಕ್ಕೆ ಚೆಂಡು ಮುಟ್ಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒಂದು ಕಿಕ್ ಹೊಡೆದು ಇನ್ನೊಂದು ಅಂಕ ಸೇರಿಸಬಹುದು. ಧೈರ್ಯವಿದ್ದರೆ ಕಿಕ್ ಬಿಟ್ಟು ಇನ್ನೊಮ್ಮೆ ನುಗ್ಗಿ ಎರಡು ಅಂಕ ಗಳಿಸಬಹುದು. ಅಷ್ಟು ದೂರ ಹೋಗಲಾಗದಿದ್ದಾಗ ಕಂಬಗಳ ನಡುವೆ ಕಿಕ್ ಹೊಡೆದರೆ 3 ಅಂಕ. ಇದು ಫೀಲ್ಡ್ ಗೋಲ್.

ಗಡಿಯಾರದ ಲೆಕ್ಕದಲ್ಲಿ ಪಂದ್ಯ 60 ನಿಮಿಷ. ಆದರೆ ಗಡಿಯಾರ ನಿಂತು ನಿಂತು ಓಡುವುದರಿಂದ ಮುಗಿಯಲು ಮೂರು ಗಂಟೆ ಬೇಕು. ಜಾಹೀರಾತು ಬೇರೆ.

ನೆನಪಿಡಬೇಕಾದ ಹೆಸರು ಕ್ವಾರ್ಟರ್‌ಬ್ಯಾಕ್. ತಂಡ ಮುನ್ನುಗ್ಗುವಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಇವನ ಕೈಗೆ. ಎಸೆಯಬೇಕೋ, ಇನ್ನೊಬ್ಬನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಗೆದ್ದರೆ ಹೆಸರು ಇವನಿಗೆ, ಸೋತರೆ ಬೈಗುಳವೂ ಇವನಿಗೇ.

ಇಲ್ಲೊಂದು ವಿಚಿತ್ರವಿದೆ. ಮುನ್ನುಗ್ಗುವವರು, ತಡೆಯುವವರು ಒಂದೇ ತಂಡದ ಎರಡು ಬೇರೆ ಪಡೆಗಳು. ಹಾಗಾಗಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಒಟ್ಟಿಗೆ ಮೈದಾನದಲ್ಲಿ ಇರುವುದೇ ಇಲ್ಲ. "ಮಹೋಮ್ಸ್ ವಿರುದ್ಧ ಆಲನ್" ಎಂದು ಟಿವಿಯವರು ವಾರವಿಡೀ ಬೊಬ್ಬೆ ಹೊಡೆಯುತ್ತಾರಲ್ಲ, ಒಬ್ಬ ಆಡುವಾಗ ಇನ್ನೊಬ್ಬ ಅಂಚಿನ ಬೆಂಚಿನಲ್ಲಿ ಕೂತು ನೋಡುತ್ತಿರುತ್ತಾನೆ.

32 ತಂಡ, ಎಂಟು ಗುಂಪು

ಲೀಗ್‌ನಲ್ಲಿ 32 ತಂಡಗಳಿವೆ. ಅವನ್ನು ಎಎಫ್‌ಸಿ, ಎನ್‌ಎಫ್‌ಸಿ ಎಂದು ಎರಡು ಭಾಗ ಮಾಡಿದ್ದಾರೆ. ಇವಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಪ್ರತಿ ಕಾನ್ಫರೆನ್ಸ್‌ನಲ್ಲಿ ಪೂರ್ವ, ಉತ್ತರ, ದಕ್ಷಿಣ, ಪಶ್ಚಿಮ ಎಂಬ ನಾಲ್ಕು ಗುಂಪು, ಗುಂಪಿಗೆ ನಾಲ್ಕು ತಂಡ. ಗುಂಪಿನ ಹೆಸರು ಡಿವಿಷನ್. ದಿಕ್ಕನ್ನು ಮಾತ್ರ ಜಾಸ್ತಿ ನಂಬಬೇಡಿ. ಟೆಕ್ಸಸ್‌ನ ಡಲ್ಲಾಸ್ ಕೌಬಾಯ್ಸ್ ಹಳೆಯ ಜಗಳಗಳ ಕಾರಣಕ್ಕೆ ಇಂದಿಗೂ ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್ ಜೊತೆ ಪೂರ್ವ ಡಿವಿಷನ್‌ನಲ್ಲೇ ಇದೆ.

ಸೆಪ್ಟೆಂಬರ್‌ನಿಂದ ಜನವರಿ ಮೊದಲ ವಾರದವರೆಗೆ ಲೀಗ್ ಹಂತ. 18 ವಾರ, ತಂಡಕ್ಕೆ 17 ಪಂದ್ಯ, ಒಂದು ವಾರ ರಜೆ. 2021ರಿಂದ ಈ ಲೆಕ್ಕ. ತನ್ನ ಡಿವಿಷನ್‌ನ ಮೂರು ತಂಡಗಳ ಜೊತೆ ತಲಾ ಎರಡು ಸಲ ಆಡಬೇಕು, ಉಳಿದ 11 ಪಂದ್ಯ ಬೇರೆಯವರ ಜೊತೆ. ಅಂದರೆ ಎಲ್ಲರೂ ಎಲ್ಲರ ವಿರುದ್ಧ ಆಡುವುದಿಲ್ಲ. ಹತ್ತು ಗೆದ್ದ ಎರಡು ತಂಡಗಳಲ್ಲಿ ಒಂದು ಬಲಿಷ್ಠರನ್ನು ಸೋಲಿಸಿರಬಹುದು, ಇನ್ನೊಂದಕ್ಕೆ ಸುಲಭದ ಎದುರಾಳಿಗಳು ಸಿಕ್ಕಿರಬಹುದು. ಮುಂದೆ ಬರುವ ಜಗಳಗಳ ಬೇರು ಇಲ್ಲೇ ಇದೆ.

14 ಜನಕ್ಕೆ ಜಾಗ

2020ರ ಸೀಸನ್‌ನಿಂದ ಪ್ಲೇಆಫ್‌ಗೆ ಪ್ರತಿ ಕಾನ್ಫರೆನ್ಸ್‌ನಿಂದ ಏಳು, ಒಟ್ಟು 14 ತಂಡ ಹೋಗುತ್ತವೆ. ಮೊದಲು 12 ಇತ್ತು. ನಾಲ್ಕು ಡಿವಿಷನ್‌ಗಳಲ್ಲಿ ಮೊದಲು ಬಂದ ನಾಲ್ವರಿಗೆ ನೇರ ಪ್ರವೇಶ, 1ರಿಂದ 4ರವರೆಗಿನ ಸ್ಥಾನ ಅವರದು. ಉಳಿದವರಲ್ಲಿ ಚೆನ್ನಾಗಿ ಆಡಿದ ಮೂವರಿಗೆ 5, 6, 7ನೇ ಸ್ಥಾನ. ಇವರಿಗೆ ವೈಲ್ಡ್ ಕಾರ್ಡ್ ಎನ್ನುತ್ತಾರೆ.

ಕೇಳಲು ಸರಳ. ಆದರೆ ಡಿವಿಷನ್ ಗೆದ್ದವನು ಎಷ್ಟೇ ಕಳಪೆ ಆಡಿದ್ದರೂ ವೈಲ್ಡ್ ಕಾರ್ಡ್‌ನವನಿಗಿಂತ ಮೇಲೆಯೇ ಇರುತ್ತಾನೆ. ಪಂದ್ಯವೂ ಅವನ ಊರಲ್ಲೇ.

2024ರ ಸೀಸನ್ ನೋಡಿ. ಮಿನೆಸೋಟಾ ವೈಕಿಂಗ್ಸ್ 17ರಲ್ಲಿ 14 ಗೆದ್ದಿತು. ಆದರೆ ಅದೇ ಡಿವಿಷನ್‌ನ ಡೆಟ್ರಾಯ್ಟ್ ಲಯನ್ಸ್ 15 ಗೆದ್ದಿತ್ತು. ಕೊನೆಯ ವಾರ ಇವರಿಬ್ಬರೇ ಎದುರುಬದುರಾದರು. ಗೆದ್ದವರಿಗೆ ಇಡೀ ಎನ್‌ಎಫ್‌ಸಿಯಲ್ಲಿ ಮೊದಲ ಸ್ಥಾನ, ಸೋತವರಿಗೆ ಐದನೇ ಸ್ಥಾನ. ನಡುವೆ ಏನೂ ಇಲ್ಲ! ವೈಕಿಂಗ್ಸ್ 31-9ರಿಂದ ಸೋತಿತು. ಹೀಗಾಗಿ 14 ಗೆದ್ದ ತಂಡ, 10 ಗೆದ್ದಿದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಅತಿಥಿಯಾಗಿ ಆಡಬೇಕಾಯಿತು. ಲಾಸ್ ಏಂಜಲೀಸ್‌ನ ಕಾಳ್ಗಿಚ್ಚಿನಿಂದ ಆ ಪಂದ್ಯ ಅರಿಜೋನಾಗೆ ಹೋಯಿತು, ಆದರೂ ವೈಕಿಂಗ್ಸ್ 27-9ರಿಂದ ಸೋತು ಮನೆಗೆ ಹೋಯಿತು. ಮೊದಲ ಸ್ಥಾನದ ಲಯನ್ಸ್ ಕತೆಯೂ ಸುಖವಾಗಿ ಮುಗಿಯಲಿಲ್ಲ. ಒಂದು ವಾರ ವಿಶ್ರಾಂತಿ ತೆಗೆದುಕೊಂಡು ಬಂದು, ತಮ್ಮೂರಲ್ಲೇ ಆರನೇ ಸ್ಥಾನದ ವಾಷಿಂಗ್ಟನ್ ಕಮಾಂಡರ್ಸ್‌ಗೆ 45-31ರಿಂದ ಸೋತರು.

ಆಮೇಲೆ 2025ರಲ್ಲಿ ಲಯನ್ಸ್‌ನವರೇ ಒಂದು ಪ್ರಸ್ತಾಪ ಇಟ್ಟರು. ಡಿವಿಷನ್ ಗೆದ್ದವರಿಗೆ ಪ್ರವೇಶ ಇರಲಿ, ಆದರೆ ಸ್ಥಾನವನ್ನು ಗೆಲುವಿನ ಲೆಕ್ಕದಲ್ಲಿ ಕೊಡೋಣ ಎಂದು. ಬೇರೆ ತಂಡಗಳ ಬೆಂಬಲ ಸಾಲದೆ ಅದನ್ನು ವಾಪಸ್ ಪಡೆದರು.

ಇದಕ್ಕಿಂತ ವಿಚಿತ್ರ ಉದಾಹರಣೆ 2010ರ ಸೀಸನ್‌ನದು. ಸಿಯಾಟಲ್ ಸೀಹಾಕ್ಸ್ 7 ಗೆದ್ದು 9 ಸೋತಿತ್ತು. ಅವರ ಡಿವಿಷನ್‌ನಲ್ಲಿ ಯಾರೂ ಅದಕ್ಕಿಂತ ಹೆಚ್ಚು ಗೆದ್ದಿರಲಿಲ್ಲ. ಅಷ್ಟೇ ಗೆದ್ದಿದ್ದ ರ‍್ಯಾಮ್ಸ್‌ಗಿಂತ ಡಿವಿಷನ್‌ನೊಳಗಿನ ಲೆಕ್ಕದಲ್ಲಿ ಮೇಲಿದ್ದರಿಂದ ಇವರೇ ಮೊದಲು. 11 ಗೆದ್ದಿದ್ದ ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್, ಸಿಯಾಟಲ್‌ಗೆ ಬಂದು ಆಡಬೇಕಾಯಿತು. ಊರಿಗೆಲ್ಲ ನಗೆಪಾಟಲಾಗಿದ್ದ ಸೀಹಾಕ್ಸ್ 41-36ರಿಂದ ಗೆದ್ದೇಬಿಟ್ಟಿತು. ಕೊನೆಯಲ್ಲಿ ಮಾರ್ಶಾನ್ ಲಿಂಚ್ ಎಂಬ ಆಟಗಾರ ಒಬ್ಬೊಬ್ಬರನ್ನೇ ಕೊಡವಿಕೊಂಡು 67 ಗಜ ಓಡಿ ಟಚ್‌ಡೌನ್ ಹೊಡೆದ. ಆಗ ಅಭಿಮಾನಿಗಳು ಕುಣಿದ ರಭಸ ಹತ್ತಿರದ ಭೂಕಂಪಮಾಪಕದಲ್ಲಿ ದಾಖಲಾಯಿತು.

ಈ ನಿಯಮ ನ್ಯಾಯವೇ? ನನಗೆ ಕೇಳಿದರೆ ಅಷ್ಟೇನೂ ಅಲ್ಲ. ಆದರೆ ಡಿವಿಷನ್ ಎದುರಾಳಿಗಳ ಮೇಲಿನ ಹಗೆ ಆರದಂತೆ ಕಾಯುವುದು ಇದೇ ನಿಯಮ. ಲೀಗ್‌ಗೆ ಬೇಕಿರುವುದೂ ಅದೇ.

ಸಮ ಬಂದರೆ?

ಗೆಲುವು ಸಮವಾದರೆ ಉದ್ದನೆಯ ನಿಯಮಗಳ ಸಾಲೇ ಇದೆ. ಮೊದಲು ಪರಸ್ಪರ ಆಡಿದಾಗ ಯಾರು ಗೆದ್ದರು ಎಂದು ನೋಡುತ್ತಾರೆ. ಆಮೇಲೆ ಡಿವಿಷನ್‌ನೊಳಗಿನ ಲೆಕ್ಕ, ಕಾನ್ಫರೆನ್ಸ್‌ನೊಳಗಿನ ಲೆಕ್ಕ, ಸೋಲಿಸಿದವರು ಎಷ್ಟು ಬಲಿಷ್ಠರು ಎಂಬ ಲೆಕ್ಕ, ಹೀಗೆ ಹೋಗುತ್ತದೆ. ಕಟ್ಟಕಡೆಗೆ ನಾಣ್ಯ ಚಿಮ್ಮುವುದು. ಆದ್ದರಿಂದ ಕೊನೆಯ ವಾರ ಅಭಿಮಾನಿಗಳು ತಮ್ಮ ತಂಡದ ಪಂದ್ಯ ಬಿಟ್ಟು ಎಲ್ಲಿಯದೋ ಪಂದ್ಯಕ್ಕೆ ಉಗುರು ಕಚ್ಚುತ್ತಾ ಕೂರುತ್ತಾರೆ.

2017ರ ಡಿಸೆಂಬರ್ 31ರಂದು ಬಫಲೋ ಬಿಲ್ಸ್‌ಗೆ ಆಗಿದ್ದು ಇದೇ. 1999ರ ನಂತರ ಪ್ಲೇಆಫ್ ಮುಖ ನೋಡಿರದ ತಂಡ. ತಮ್ಮ ಪಂದ್ಯ ಗೆದ್ದಾಗಿತ್ತು. ಇನ್ನು ಸಿನ್ಸಿನಾಟಿ ತಂಡ ಬಾಲ್ಟಿಮೋರ್ ರೇವನ್ಸ್ ಅನ್ನು ಸೋಲಿಸಬೇಕಿತ್ತು. ಒಂದು ನಿಮಿಷವೂ ಉಳಿದಿರಲಿಲ್ಲ, ನಾಲ್ಕನೇ ಅವಕಾಶ, 12 ಗಜ ಬೇಕು. ಸಿನ್ಸಿನಾಟಿಯ ಆಂಡಿ ಡಾಲ್ಟನ್ ಎಸೆದ ಚೆಂಡು 49 ಗಜದ ಟಚ್‌ಡೌನ್ ಆಯಿತು. ಡ್ರೆಸಿಂಗ್ ರೂಮಿನ ಟಿವಿ ಮುಂದೆ ನಿಂತಿದ್ದ ಬಿಲ್ಸ್ ಆಟಗಾರರು ಕುಣಿದು ಕುಪ್ಪಳಿಸಿದರು. ಆಮೇಲೆ ಬಫಲೋ ಅಭಿಮಾನಿಗಳು ಮಾಡಿದ್ದು ಸ್ವಾರಸ್ಯದ ಕೆಲಸ. ಡಾಲ್ಟನ್ ನಡೆಸುವ ಮಕ್ಕಳ ನೆರವಿನ ಸಂಸ್ಥೆಗೆ ದುಡ್ಡು ಕಳಿಸತೊಡಗಿದರು. ಎಷ್ಟೋ ಜನ ಕಳಿಸಿದ್ದು ಸರಿಯಾಗಿ 17 ಡಾಲರ್, ಕಾದ 17 ವರ್ಷಕ್ಕೆ.

2022ರ ಜನವರಿಯಲ್ಲಿ ಇನ್ನೊಂದು ಗಮ್ಮತ್ತು. ಲೀಗ್‌ನ ಕೊನೆಯ ಪಂದ್ಯ ಚಾರ್ಜರ್ಸ್ ಮತ್ತು ರೇಡರ್ಸ್ ನಡುವೆ. ಗೆದ್ದವರು ಪ್ಲೇಆಫ್‌ಗೆ. ಆದರೆ ಡ್ರಾ ಆದರೆ ಇಬ್ಬರಿಗೂ ಜಾಗ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ಹೊರಗೆ! ಇಬ್ಬರೂ ಸುಮ್ನೆ ಆಡದೆ ನಿಂತುಬಿಟ್ಟರೆ ಏನು ಗತಿ ಎಂದು ದೇಶವೇ ತಮಾಷೆ ಮಾಡುತ್ತಿತ್ತು. ಪಂದ್ಯ ನಿಜವಾಗಿಯೂ 32-32ಕ್ಕೆ ಬಂತು, ಅದೂ ಹೆಚ್ಚುವರಿ ಸಮಯದಲ್ಲಿ. ಕೊನೆಯ ಗಳಿಗೆಯಲ್ಲಿ ರೇಡರ್ಸ್ 47 ಗಜದಿಂದ ಫೀಲ್ಡ್ ಗೋಲ್ ಹೊಡೆದು ಗೆದ್ದಿತು. ಚಾರ್ಜರ್ಸ್ ಹೊರಗೆ, ಮನೆಯಲ್ಲಿ ಕೂತಿದ್ದ ಸ್ಟೀಲರ್ಸ್ ಒಳಗೆ.

ನಾಲ್ಕು ಸುತ್ತು, ಎರಡನೇ ಅವಕಾಶವಿಲ್ಲ

ಐಪಿಎಲ್ ನೋಡುವವರಿಗೆ ಪ್ಲೇಆಫ್ ಎಂದರೆ ಗೊತ್ತು. ಅಂಕಪಟ್ಟಿಯಲ್ಲಿ ಮೊದಲ ಎರಡು ಸ್ಥಾನದವರು ಮೊದಲ ಕ್ವಾಲಿಫೈಯರ್ ಆಡುತ್ತಾರೆ. ಸೋತರೂ ಇನ್ನೊಂದು ಅವಕಾಶ ಉಂಟು. ಎನ್‌ಎಫ್‌ಎಲ್‌ನಲ್ಲಿ ಆ ದಯೆ ಇಲ್ಲ. ಐದು ತಿಂಗಳು ಚೆನ್ನಾಗಿ ಆಡಿದ ತಂಡ ಒಂದು ಭಾನುವಾರ ಸೋತರೆ ಮುಗಿಯಿತು.

ಮೊದಲ ಸುತ್ತು ವೈಲ್ಡ್ ಕಾರ್ಡ್ ಸುತ್ತು. ಪ್ರತಿ ಕಾನ್ಫರೆನ್ಸ್‌ನಲ್ಲಿ 2ನೇ ಸ್ಥಾನದವರು 7ರ ಜೊತೆ, 3ನೆಯವರು 6ರ ಜೊತೆ, 4ನೆಯವರು 5ರ ಜೊತೆ ಆಡುತ್ತಾರೆ. 1ನೇ ಸ್ಥಾನದವರಿಗೆ ಆ ವಾರ ಬಿಡುವು. ಎರಡನೇ ಸುತ್ತು ಡಿವಿಷನಲ್ ಸುತ್ತು. ಅಲ್ಲಿ 1ನೇ ಸ್ಥಾನದವರಿಗೆ ಉಳಿದವರಲ್ಲಿ ಅತಿ ಕೆಳಗಿನವರು ಎದುರಾಳಿ. ಮೂರನೆಯದು ಕಾನ್ಫರೆನ್ಸ್ ಫೈನಲ್. ಅಲ್ಲಿ ಗೆದ್ದ ಎಎಫ್‌ಸಿ, ಎನ್‌ಎಫ್‌ಸಿ ಚಾಂಪಿಯನ್‌ಗಳು ಎರಡು ವಾರದ ನಂತರ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್ ಆಡುತ್ತಾರೆ. ಈಗ ಅದು ಫೆಬ್ರವರಿಯ ಎರಡನೇ ಭಾನುವಾರ.

ಮೊದಲ ಮೂರು ಸುತ್ತು ಮೇಲಿನ ಸ್ಥಾನದವರ ಊರಲ್ಲಿ ನಡೆಯುತ್ತವೆ. ಇದು ದೊಡ್ಡ ಲಾಭ, ಯಾಕೆಂದರೆ ಜನವರಿ ಅಂದರೆ ಅಲ್ಲಿ ಚಳಿಗಾಲ, ಬಹಳಷ್ಟು ಮೈದಾನಗಳಿಗೆ ಚಾವಣಿ ಇಲ್ಲ. 2024ರ ಜನವರಿ 13ರಂದು ಬಿಸಿಲೂರು ಮಯಾಮಿಯ ತಂಡ ಕ್ಯಾನ್ಸಸ್ ಸಿಟಿಗೆ ಬಂದು ಆಡಿತು. ಶುರುವಾದಾಗ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ. ಡಿಕ್ಕಿಯ ರಭಸಕ್ಕೆ ಆ ಊರಿನ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಹೆಲ್ಮೆಟ್‌ನ ಒಂದು ಚೂರೇ ಕಿತ್ತುಹೋಯಿತು. ಬದಲಿ ಹೆಲ್ಮೆಟ್ ಹಾಕಿಕೊಂಡು ಆಡಿ ಗೆದ್ದರು. ಅದೇ ವಾರ ಬಫಲೋದಲ್ಲಿ ಹಿಮ ಎಷ್ಟು ಬಿತ್ತೆಂದರೆ ಪಂದ್ಯ ಒಂದು ದಿನ ಮುಂದಕ್ಕೆ ಹೋಯಿತು. ಸಲಿಕೆ ಹಿಡಿದು ಬನ್ನಿ, ಗಂಟೆಗೆ 20 ಡಾಲರ್ ಕೊಡುತ್ತೇವೆ ಎಂದು ತಂಡದವರು ಅಭಿಮಾನಿಗಳನ್ನೇ ಕರೆದರು.

13 ಸೆಕೆಂಡಿನಲ್ಲಿ ಬದಲಾದ ನಿಯಮ

ಪ್ಲೇಆಫ್‌ನಲ್ಲಿ ಡ್ರಾ ಇಲ್ಲ, ಗೆಲುವು ಬರುವವರೆಗೂ ಆಡಬೇಕು. ಹೆಚ್ಚುವರಿ ಸಮಯದ ಹಳೆಯ ನಿಯಮ ಹೀಗಿತ್ತು: ಟಾಸ್ ಗೆದ್ದು ಮೊದಲು ಚೆಂಡು ಪಡೆದ ತಂಡ ಟಚ್‌ಡೌನ್ ಹೊಡೆದರೆ ಆಟ ಅಲ್ಲಿಗೇ ಮುಗಿಯಿತು.

2022ರ ಜನವರಿ 23, ಕ್ಯಾನ್ಸಸ್ ಸಿಟಿ. ಬಿಲ್ಸ್‌ನ ಜಾಶ್ ಆಲನ್ ಅಬ್ಬರಿಸಿ ತಂಡವನ್ನು 36-33ಕ್ಕೆ ತಂದಿದ್ದರು. ಉಳಿದದ್ದು 13 ಸೆಕೆಂಡ್. ಬಫಲೋದವರು ಆಗಲೇ ಸಂಭ್ರಮದಲ್ಲಿದ್ದರು. ಆದರೆ ಚೀಫ್ಸ್‌ನ ಮಹೋಮ್ಸ್ ಎರಡೇ ಎಸೆತದಲ್ಲಿ 44 ಗಜ ಸಾಗಿದರು, ಫೀಲ್ಡ್ ಗೋಲ್ ಬಿತ್ತು, ಸಮ. ಹೆಚ್ಚುವರಿ ಸಮಯದ ಟಾಸ್ ಚೀಫ್ಸ್ ಪಾಲಾಯಿತು. ನೇರ ಹೋಗಿ ಟಚ್‌ಡೌನ್, 42-36. ಆಲನ್ ಕೈಗೆ ಚೆಂಡು ಮತ್ತೆ ಬರಲೇ ಇಲ್ಲ.

ಇಡೀ ದೇಶ ಕೂಗಾಡಿತು. ಎರಡೇ ತಿಂಗಳಲ್ಲಿ ನಿಯಮ ಬದಲಾಯಿತು. ಈಗ ಮೊದಲು ಆಡಿದವರು ಟಚ್‌ಡೌನ್ ಹೊಡೆದರೂ ಎದುರಾಳಿಗೆ ಒಂದು ಅವಕಾಶ ಸಿಗುತ್ತದೆ. ಇದು ಮೊದಲು ಬಳಕೆಯಾಗಿದ್ದು 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಟಾಸ್ ಗೆದ್ದು ಮೊದಲು ಆಡಿ 3 ಅಂಕ ಗಳಿಸಿತು. ಎಷ್ಟು ಬೇಕೆಂದು ಗೊತ್ತಾದ ಚೀಫ್ಸ್ ಟಚ್‌ಡೌನ್ ಹೊಡೆದು 25-22ರಿಂದ ಗೆದ್ದಿತು. ಹೊಸ ನಿಯಮ ತಮಗೆ ಗೊತ್ತೇ ಇರಲಿಲ್ಲ ಎಂದು ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಆಟಗಾರರು ಆಮೇಲೆ ಒಪ್ಪಿಕೊಂಡರು!

ಸ್ಟಾರ್‌ಗಳ ಲೆಕ್ಕ

ಈಗ ಅಭಿಮಾನಿಗಳ ವಿಷಯಕ್ಕೆ ಬರೋಣ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಗೆ ಲೀಗ್ ಹಂತದ ಆಟ ಮಾತ್ರ ಲೆಕ್ಕ. ಪ್ಲೇಆಫ್ ಸೇರುವುದಿಲ್ಲ. ಅಭಿಮಾನಿಗಳ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಜನವರಿಯಲ್ಲಿ ಏನು ಮಾಡಿದೆ ಎಂಬುದೇ ಮುಖ್ಯ. 1999ರ ಸೀಸನ್ ಆದಮೇಲೆ 2022ರ ಸೀಸನ್‌ವರೆಗೆ ಎಂವಿಪಿ ಪಡೆದ ಒಬ್ಬನೂ ಅದೇ ವರ್ಷ ಸೂಪರ್ ಬೌಲ್ ಗೆದ್ದಿರಲಿಲ್ಲ. ಆ ಸಾಲು ಮುರಿದದ್ದು ಮಹೋಮ್ಸ್.

ಈ ಎರಡು ತಕ್ಕಡಿಗಳ ನಡುವೆ ಹೆಚ್ಚು ನಲುಗಿದವರು ಬಾಲ್ಟಿಮೋರ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್. 2019ರಲ್ಲಿ ಎಲ್ಲರ ಮತವೂ ಬಿದ್ದು ಎಂವಿಪಿ, 2023ರಲ್ಲಿ ಮತ್ತೊಮ್ಮೆ. ಆದರೆ 2024ರ ಸೀಸನ್ ಮುಗಿದಾಗ ಪ್ಲೇಆಫ್‌ನಲ್ಲಿ ಆಡಿದ್ದು ಎಂಟು, ಗೆದ್ದದ್ದು ಮೂರು. "ಲೀಗ್‌ನಲ್ಲಿ ಹುಲಿ, ಪ್ಲೇಆಫ್‌ನಲ್ಲಿ ಇಲಿ" ಎಂಬ ಧಾಟಿಯ ಮಾತು ಅವರ ಬೆನ್ನು ಬಿಟ್ಟಿಲ್ಲ. 2025ರ ಜನವರಿಯಲ್ಲಿ ಬಫಲೋ ವಿರುದ್ಧ 27-25ರಿಂದ ಹಿಂದಿದ್ದಾಗ, ಸಮ ಮಾಡಬಲ್ಲ ಚೆಂಡನ್ನು ಜಾಕ್ಸನ್ ಸರಿಯಾಗಿಯೇ ಎಸೆದರು. ಹಿಡಿಯಬೇಕಿದ್ದ ಜೊತೆ ಆಟಗಾರ ಮಾರ್ಕ್ ಆಂಡ್ರೂಸ್ ಕೈಯಿಂದ ಅದು ಜಾರಿತು. ಸೋಲು ಮಾತ್ರ ಜಾಕ್ಸನ್ ಖಾತೆಗೇ ಬಿತ್ತು. ಆಂಡ್ರೂಸ್‌ಗೆ ಬಂದ ಬೈಗುಳ ನೋಡಲಾಗದೆ ಗೆದ್ದ ಬಫಲೋ ಅಭಿಮಾನಿಗಳೇ, ಅವರಿಗಿರುವ ಟೈಪ್ 1 ಡಯಾಬಿಟಿಸ್‌ಗಾಗಿ ಕೆಲಸ ಮಾಡುವ ಸಂಸ್ಥೆಗೆ ಚಂದಾ ಎತ್ತಿಕೊಟ್ಟರು.

ಆಲನ್ ಕತೆ ಇನ್ನೂ ಬೇಸರದ್ದು. 2024ರ ಸೀಸನ್ ಕೊನೆಯವರೆಗಿನ ಲೆಕ್ಕ ನೋಡಿ. ಲೀಗ್ ಹಂತದಲ್ಲಿ ಮಹೋಮ್ಸ್ ವಿರುದ್ಧ ಐದರಲ್ಲಿ ನಾಲ್ಕು ಗೆದ್ದಿದ್ದಾರೆ. ಪ್ಲೇಆಫ್‌ನಲ್ಲಿ ನಾಲ್ಕಕ್ಕೆ ನಾಲ್ಕೂ ಸೋತಿದ್ದಾರೆ. ಆದರೂ ಬಫಲೋದಲ್ಲಿ ಅವರನ್ನು ಬೈಯುವವರು ಕಡಿಮೆ. 1991ರಿಂದ 1994ರವರೆಗೆ ಸಾಲಾಗಿ ನಾಲ್ಕು ಸೂಪರ್ ಬೌಲ್ ಸೋತ ಊರು ಅದು. ಸೋತವನನ್ನು ಪ್ರೀತಿಸುವುದು ಅವರಿಗೆ ರೂಢಿ. ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? 2025ರಲ್ಲಿ ಕಪ್ ಬರುವವರೆಗೆ 17 ಸೀಸನ್ ಅವರು ಕೊಹ್ಲಿಯನ್ನು ಬಿಟ್ಟುಕೊಡಲಿಲ್ಲ.

ಮಹೋಮ್ಸ್ ಸಮಸ್ಯೆ ಬೇರೆ. 2024ರ ಸೀಸನ್ ಮುಗಿದಾಗ ಪ್ಲೇಆಫ್‌ನಲ್ಲಿ 17 ಗೆಲುವು, 4 ಸೋಲು, ಮೂರು ಸೂಪರ್ ಬೌಲ್. ಇಷ್ಟು ಗೆದ್ದರೆ ಹೊರಗಿನವರಿಗೆ ಸಹನೆ ಇರುತ್ತದೆಯೇ? ರೆಫರಿಗಳು ಚೀಫ್ಸ್ ಕಡೆ ಎಂಬ ದೂರು ಎಷ್ಟು ಜೋರಾಯಿತೆಂದರೆ ಲೀಗ್‌ನ ಕಮಿಷನರ್ ರಾಜರ್ ಗುಡೆಲ್ ಅವರೇ ಅದನ್ನು ತಳ್ಳಿಹಾಕಬೇಕಾಯಿತು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ 40-22ರಿಂದ ಚೀಫ್ಸ್ ಅನ್ನು ಕೆಡವಿದಾಗ, ಈಗಲ್ಸ್‌ಗೆ ಸಂಬಂಧವೇ ಇಲ್ಲದ ಊರುಗಳಲ್ಲೂ ಖುಷಿಪಟ್ಟವರಿದ್ದರು.

ಇದೇ ಹಾದಿಯಲ್ಲಿ ಮೊದಲು ನಡೆದವರು ಟಾಮ್ ಬ್ರೇಡಿ. 2000ದಲ್ಲಿ ಆಟಗಾರರ ಆಯ್ಕೆ ನಡೆದಾಗ ಇವರದು 199ನೇ ಹೆಸರು. ನಿವೃತ್ತಿಯ ಹೊತ್ತಿಗೆ ಏಳು ಸೂಪರ್ ಬೌಲ್. ಅವರು ಹೆಚ್ಚು ಕಾಲ ಆಡಿದ ನ್ಯೂ ಇಂಗ್ಲೆಂಡ್‌ನವರಿಗೆ ದೇವರು. ಉಳಿದವರು ಚೆಂಡಿನ ಗಾಳಿ ಇಳಿಸಿದ ಪ್ರಕರಣವನ್ನು ಇಂದಿಗೂ ಎತ್ತುತ್ತಾರೆ. ಅದಕ್ಕಾಗಿ ಅವರು 2016ರಲ್ಲಿ ನಾಲ್ಕು ಪಂದ್ಯ ಹೊರಗೆ ಕೂತರು. ಅದೇ ಸೀಸನ್‌ನ ಸೂಪರ್ ಬೌಲ್‌ನಲ್ಲಿ 28-3ರಿಂದ ಹಿಂದಿದ್ದ ತಂಡವನ್ನು 34-28ಕ್ಕೆ ಗೆಲ್ಲಿಸಿದರು.

ಹಾಗಾದರೆ ಕಪ್ ಇಲ್ಲದವನು ದೊಡ್ಡ ಆಟಗಾರನೇ ಅಲ್ಲವೇ? ಮಯಾಮಿಯ ಡ್ಯಾನ್ ಮರೀನೋ 1984ರಲ್ಲಿ 5,084 ಗಜ, 48 ಟಚ್‌ಡೌನ್ ಎಸೆದು ಆಟವನ್ನೇ ಬದಲಿಸಿದರು. 17 ಸೀಸನ್ ಆಡಿದರು. ಸೂಪರ್ ಬೌಲ್ ಮುಟ್ಟಿದ್ದು ಒಮ್ಮೆ, ಅದನ್ನೂ ಸೋತರು. ಎದುರು ತುದಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಈಲೈ ಮ್ಯಾನಿಂಗ್ ಇದ್ದಾರೆ. ಲೀಗ್ ಹಂತದಲ್ಲಿ 117 ಗೆಲುವು, 117 ಸೋಲು, ಸರಿಯಾಗಿ ಅರ್ಧ. ಆದರೆ ಎರಡು ಸೂಪರ್ ಬೌಲ್‌ನಲ್ಲಿ ಬ್ರೇಡಿಯನ್ನು ಸೋಲಿಸಿದ್ದಾರೆ, ಅದರಲ್ಲೊಂದು 18 ಪಂದ್ಯ ಸೋಲೇ ಕಾಣದೆ ಬಂದಿದ್ದ ತಂಡದ ಮೇಲೆ. 2025ರಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ಮಹಾನ್ ಆಟಗಾರರ ಗೌರವ ಪಟ್ಟಿಗೆ, ಮೊದಲ ಸಲ ಹೆಸರು ಬಂದಾಗ ಅವರಿಗೆ ಜಾಗ ಸಿಗಲಿಲ್ಲ. ನ್ಯೂಯಾರ್ಕ್‌ನವರ ಮುಂದೆ ಈ ಮಾತೆತ್ತಿದರೆ ಕಾಲ್ ಅರ್ಧ ಗಂಟೆ ಜಾಸ್ತಿ ಎಳೆಯುವುದು ಗ್ಯಾರಂಟಿ.

ಇಲ್ಲಿಂದ ನೋಡುವವರಿಗೆ

ನಮ್ಮ ಗಡಿಯಾರದಲ್ಲಿ ಸೂಪರ್ ಬೌಲ್ ಶುರುವಾಗುವುದು ಸೋಮವಾರ ಬೆಳಗಿನ ಜಾವ 5 ಗಂಟೆಗೆ. ಆದರೆ ಮೊದಲ ಸಲ ನೋಡುವವರಿಗೆ ನಾನು ಹೇಳುವುದು ಡಿವಿಷನಲ್ ಸುತ್ತನ್ನೇ. ಆ ವಾರಾಂತ್ಯ ನಾಲ್ಕು ಪಂದ್ಯ, ಎಂಟು ತಂಡ. ದುರ್ಬಲರು ಆಗಲೇ ಮನೆ ಸೇರಿರುತ್ತಾರೆ, ಬಿಡುವಿನಲ್ಲಿದ್ದ ಮೊದಲ ಸ್ಥಾನದವರು ಕಣಕ್ಕಿಳಿಯುತ್ತಾರೆ. ವೈಕಿಂಗ್ಸ್‌ನಿಂದ ಜಾಗ ಕಸಿದ ಲಯನ್ಸ್ ಮುಗ್ಗರಿಸಿದ್ದು, ಆಂಡ್ರೂಸ್ ಕೈಯಿಂದ ಚೆಂಡು ಜಾರಿದ್ದು, ಆ 13 ಸೆಕೆಂಡ್, ಎಲ್ಲವೂ ನಡೆದದ್ದು ಡಿವಿಷನಲ್ ಸುತ್ತಿನಲ್ಲೇ.